ಎರಡು ಪದರ ಮಲ್ಮಲ್

9 ಮಾರ್ಚ್ 1981, ಸೋಮವಾರ

ಪಾಪ್ಲಿನ್ ಕೂಡ ಫೇಲು. ಎರಡು ಫರ್ಲಾಂಗು ಓಡಿ ಮುಗಿಸುವಷ್ಟರಲ್ಲಿ ಜಾಕೀಟು ರವಿಕೆಯಲ್ಲ, ನೀರು ಕುಡಿದ ಗೋಣಿಚೀಲ. ಕಂಕುಳು ಉಜ್ಜಿ ಕೆಂಪಾಗಿದೆ. ಒಣಗಿದ ಮೇಲೆ ಬೆನ್ನ ತುಂಬ ಬಿಳಿ ಉಪ್ಪಿನ ಗೆರೆ. ಸೆರಗು ಹೊದ್ದು ಮುಚ್ಚಿಕೊಂಡು ಮನೆಗೆ ಬಂದೆ.

82 ಸೆಕೆಂಡು. ದುರ್ಗಕ್ಕ 75ರೊಳಗೆ ಬಾ ಎನ್ನುತ್ತಾಳೆ. ಕಾಲೇಜಿನಲ್ಲಿ ನನಗಿಂತ ನಿಧಾನ ಓಡುತ್ತಿದ್ದವಳು — ಈಗ ಗರ್ಲ್ಸ್ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಕುತ್ತಿಗೆಗೆ ವಿಸಿಲ್, ನನಗೆ ಆರ್ಡರು. ಮೇ 14ಕ್ಕೆ ಬಳ್ಳಾರಿಯಲ್ಲಿ ಪಿ.ಟಿ. ಟೀಚರುಗಳ ಸಿ.ಪಿ.ಎಡ್. ಟ್ರೇನಿಂಗಿಗೆ ಸೆಲೆಕ್ಷನ್. ಪಾಸಾದರೆ ಒಂದು ವರ್ಷ ಹಾಸ್ಟೆಲು, ಆಮೇಲೆ ನನ್ನ ಕೊರಳಿಗೂ ವಿಸಿಲ್. ಇಪ್ಪತ್ತೈದು ತುಂಬಿದವರಿಗೆ ಇಲ್ಲ. ನನಗೆ ಜುಲೈಗೆ ತುಂಬುತ್ತದೆ. ಇದೊಂದೇ ಸಲ. ಅರ್ಜಿ ಅವಳ ಸ್ಕೂಲಿನ ವಿಳಾಸದಿಂದ ಹೋಗಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸೀಟು ಸಿಗಲಿ, ಜಗಳ ಆಮೇಲೆ.

ಈ ಡೈರಿ ಮಿಲ್ ಏಜೆಂಟ್ ಅಂಗಡಿಗೆ ಕೊಟ್ಟದ್ದು. ಬಟ್ಟೆ ಅಂಗಡಿಯ ಸೊಸೆಗೆ ಡೈರಿಗೂ ಬರವಿಲ್ಲ, ಬಟ್ಟೆಗೂ ಬರವಿಲ್ಲ. ಓಡಲು ಒಂದು ಜಾಕೀಟು ಮಾತ್ರ ಸಿಗುತ್ತಿಲ್ಲ.

13 ಮಾರ್ಚ್

ನೈಲೆಕ್ಸ್. ಮದುವೆಗೆ ಬಂದ ಸೀರೆ, ಇಸ್ತ್ರಿಗೆ ಅಂಚು ಸುಟ್ಟಿತ್ತು, ಕತ್ತರಿಸಿ ಹೊಲಿದೆ. ಕ್ಷಣದಲ್ಲಿ ಒಣಗುತ್ತದೆ, ನಿಜ. ಆದರೆ ಗಾಳಿ ಒಳಗೆ ಬರುವುದಿಲ್ಲ, ಬೆವರು ಹೊರಗೆ ಹೋಗುವುದಿಲ್ಲ. ನಮ್ಮ ಮನೆಯ ಹಾಗೆಯೇ. ಒಳಗೊಳಗೇ ಕುದಿಯುವುದು. ಬಚ್ಚಲ ಒಲೆಗೆ ಹಾಕಿದೆ. ಕರಗಿ ಹನಿ ಹನಿಯಾಗಿ ಬಿತ್ತು.

ದೇವರು ದೊಡ್ಡವನು, ಅತ್ತೆಗೆ ಸಕ್ಕರೆ ಕಾಯಿಲೆ ಕೊಟ್ಟಿದ್ದಾನೆ. ಹೀಗೆ ಬರೆದದ್ದಕ್ಕೆ ನಾಚಿಕೆಯಾಗಬೇಕು, ಆಗುತ್ತಿಲ್ಲ. ಡಾಕ್ಟರು ದಿನಾ ಒಂದು ತಾಸು ನಡೆಯಲು ಹೇಳಿದ್ದಾರೆ. ಒಂಟಿಯಾಗಿ ಹೋಗಲು ಅವರಿಗೆ ಮುಜುಗರ, ಜೊತೆಗೆ ನಾನು. ಅತ್ತೆಯ ವಾಕಿಂಗು ಎಂದರೆ ಕಾಲುವೆ ಸೇತುವೆಯ ಕಟ್ಟೆಯ ತನಕ. ಅಲ್ಲಿ ಕೂತರೆ ಮುಕ್ಕಾಲು ತಾಸು ಊರಿನ ಸುದ್ದಿ. ನಾನು ಮಾವನ ಪೂಜೆಗೆ ಪತ್ರೆ, ಹೂವು ತರಲು ಮುಂದೆ ಹೋಗುತ್ತೇನೆ. ಕಾಲುವೆ ತಿರುವು ದಾಟಿದರೆ ಕಬ್ಬಿನ ಗದ್ದೆ, ಏರಿಯ ಮೇಲೆ ಫರ್ಲಾಂಗು ಕಲ್ಲು. ಎರಡು ಕಲ್ಲು ದಾಟಿದರೆ ನಾನೂರು ಮೀಟರು.

ಸೀರೆ ಬಿಚ್ಚಿಡುವುದು ತೂಬು ಕಾಯುವ ಲಸ್ಕರನ ಗುಡಿಸಲಲ್ಲಿ. ಅವನ ಹೆಂಡತಿ ಹೊಳೆಮ್ಮ ಮೊದಲ ದಿನ ನನ್ನನ್ನು ನೋಡಿ ಕೊಡ ಕೆಳಗಿಟ್ಟು ನಿಂತಳು.

"ಯಾರ ಬೆನ್ನ ಹತ್ಯಾರವ್ವ?"

"ಯಾರೂ ಇಲ್ಲ. ಸುಮ್ಮನ ಓಡಾಕ್ಹತ್ತೀನಿ."

"ಸುಮ್ಮನ ಯಾರರ ಓಡ್ತಾರೇನ?" ಎಂದು ನಕ್ಕು, ಗುಡಿಸಲ ಬಾಗಿಲು ತೆರೆದಿಟ್ಟಳು. ಅವತ್ತಿನಿಂದ ತೆರೆದೇ ಇದೆ.

20 ಮಾರ್ಚ್

ಟೆರಿಕಾಟ್. ಬೆಳಿಗ್ಗೆ ಇದರಂಥದ್ದಿಲ್ಲ ಅನ್ನಿಸಿತ್ತು. ಹಗುರ, ಉಜ್ಜುವುದಿಲ್ಲ, ಕಾಲುವೆಯಲ್ಲಿ ಹಿಂಡಿದರೆ ಬಚ್ಚಲ ಹಿಂದಿನ ಮೊಳೆಗೆ ಹಾಕಿ ಒಂದು ತಾಸಿನಲ್ಲಿ ಗರಿಗರಿ. ನಿನ್ನೆ ಬಾರ್ ಸೋಪು ಹಾಕಿ ಕುಕ್ಕಿ ಕುಕ್ಕಿ ಒಗೆದಿದ್ದೆ, ಮೂಸಿದರೆ ಏನೂ ಇಲ್ಲ. ಇವತ್ತು ಮತ್ತೆ ಹಾಕಿ ಓಡಿದೆ, ಮೈ ಬಿಸಿಯಾಯಿತು — ಎಲ್ಲಿ ಅಡಗಿತ್ತೋ, ಹಳೆಯ ನಾಲ್ಕು ದಿನದ ವಾಸನೆಯೂ ಒಟ್ಟಿಗೆ ಎದ್ದು ಬಂತು. ಬಿಚ್ಚಿಟ್ಟು ಸೀರೆ ಉಟ್ಟರೂ ಮೈಗೆ ಅಂಟಿಕೊಂಡೇ ಬಂತು.

ಅತ್ತೆಯ ಮೂಗು! ಬಟ್ಟೆಯ ಥಾನು ಬಿಚ್ಚುವ ಮೊದಲೇ ಗಂಜಿ ಯಾವ ಮಿಲ್ಲಿನದೆಂದು ಹೇಳುವ ಮೂಗು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದರು.

"ಯಾರೋ ಎಮ್ಮಿಗನೂರ ಗಿರಾಕಿ ಒಳಗ ಬಂದಂಗ ಐತಲ್ಲ ಕೊಟ್ರಮ್ಮ?"

ಎಮ್ಮಿಗನೂರು, ಕಂಪ್ಲಿ ಕಡೆಯ ರೈತರದು ಈಗ ಟೆರಿಕಾಟ್ ಕಾಲ. ಕಾಲುವೆ ನೀರು ಗದ್ದೆಗೆ ಬಂದಿದ್ದೇ ತಡ, ಕಾಟನ್ ಹಾಕಿದರೆ ಮರ್ಯಾದೆ ಹೋಗುತ್ತದೆ ಅವರಿಗೆ. ಉರಿಬಿಸಿಲಲ್ಲಿ ಟೆರಿಕಾಟ್ ಅಂಗಿ ತೊಟ್ಟು ಭತ್ತ ಕೊಯ್ಯಿಸಿ, ಹಾಗೇ ಅಂಗಡಿಗೆ ಬಂದು ಮತ್ತೆ ಟೆರಿಕಾಟೇ ಕೇಳುತ್ತಾರೆ. ಅವರು ಹೋದ ಮೇಲೆ ನಮ್ಮವರು ಊದುಬತ್ತಿ ಹಚ್ಚುತ್ತಾರೆ. ಈಗ ಊದುಬತ್ತಿ ನನ್ನ ಸುತ್ತ ಹಚ್ಚಬೇಕು.

22 ಮಾರ್ಚ್, ಭಾನುವಾರ

ಊಟಕ್ಕೆ ಬಡಿಸುತ್ತ ನಮ್ಮವರನ್ನೇ ಕೇಳಿದೆ. ಬೆವರು ಹೀರಬೇಕು, ನಾತ ಹಿಡಿಯಬಾರದು, ಜಲ್ದಿ ಒಣಗಬೇಕು. ಅಂಥ ಬಟ್ಟೆ ಯಾವುದು?

"ಅಂಥಾ ಬಟ್ಟಿ ಇನ್ನ ಹುಟ್ಟಿಲ್ಲ ಬಿಡು," ಎಂದರು. "ಕಾಟನ್ನು ಬೆವರು ಹೀರ್ತದ, ಒಣಗಂಗಿಲ್ಲ. ಟೆರಿಕಾಟು ಒಣಗ್ತದ, ನಾತ ಬಿಡಂಗಿಲ್ಲ. ಯಾಕ, ಯಾರಿಗೆ?"

"ನನಗ. ಅಡಿಗಿಮನಿಯಾಗ ಸೆಖಿ ಭಾಳ."

ಪಾಪ, ಮುಖ ಸಣ್ಣದಾಯಿತು ಅವರದು. "ಹೌದೇನು? ಏಜೆಂಟ್ ಬಂದಾಗ ಕೇಳ್ತೀನಿ ತಡಿ." ನಮ್ಮವರು, ಮರಿಸ್ವಾಮಿ, ಕೆಟ್ಟವರಲ್ಲ. ಒಂದು ದಿನ ಕೈ ಎತ್ತಿದವರಲ್ಲ, ಧ್ವನಿ ಎತ್ತಿದವರಲ್ಲ. ಯಾವ ಮಾತಿಗೂ "ಅವ್ವನ್ನ ಕೇಳು" ಎನ್ನುತ್ತಾರೆ, ಅಷ್ಟೇ. ಮೂರು ವರ್ಷದಲ್ಲಿ ಅದೊಂದು ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಓಡುವ ವಿಷಯ ಇವರಿಗೆ ಹೇಳುವುದೂ ಒಂದೇ, ಅತ್ತೆಯ ಕಿವಿಯಲ್ಲಿ ಕೂಗುವುದೂ ಒಂದೇ.

2 ಏಪ್ರಿಲ್

ಸಿಕ್ಕಿತು!

ಖಾದಿ ನೋಡಿದೆ — ಕಂಬಳಿ. ನಮ್ಮವರ ಹಳೆ ಬನಿಯನ್ ನೋಡಿದೆ — ಒದ್ದೆಯಾದರೆ ಮೊಳಕಾಲಿಗೆ ಜೋಲುತ್ತದೆ. ನಿನ್ನೆ ಹಳೆ ಬಟ್ಟೆಯ ಗಂಟಿನಲ್ಲಿ ಕೈಯಾಡಿಸುತ್ತಿದ್ದಾಗ ಮಾವನ ಸವೆದ ಪಂಚೆ ಕೈಗೆ ಬಂತು. ಮಲ್ಮಲ್. ಹತ್ತು ವರ್ಷ ಒಗೆದು ಒಗೆದು ಹೂವಿನ ಎಸಳಿನಷ್ಟು ಮೆತ್ತಗಾಗಿದೆ. ಒಂದೇ ಪದರವಾದರೆ ಮೈ ಕಾಣುತ್ತದೆ. ಎರಡು ಪದರ ಮಾಡಿದೆ. ಹೊಲಿಗೆ ಹೊರಕ್ಕೆ ಬಿಟ್ಟೆ, ಉಜ್ಜದಂತೆ. ತೋಳಿಲ್ಲ, ಕಂಕುಳು ಅಗಲ. ದಿಂಬಿನ ಚೀಲ ಹೊಲಿಯುತ್ತೇನೆಂದು ಹೇಳಿ ಮಿಷನ್ ಮುಂದೆ ಕೂತಿದ್ದೆ.

ಇವತ್ತು ಓಡಿದೆ. ಮೈಮೇಲೆ ಏನೂ ಇಲ್ಲವೇನೋ! ಬೆವರು ಬಂದದ್ದು ಬಂದ ಹಾಗೆ ಬಟ್ಟೆಗೆ ಹೋಗುತ್ತದೆ, ಗಾಳಿಗೆ ತಣ್ಣಗಾಗುತ್ತದೆ. ಓಡಿ ನಿಂತು ಮೂಸಿದೆ, ನಾಚಿಕೆ ಬಿಟ್ಟು ಮೂಸಿದೆ, ಬರೀ ಉಪ್ಪು. ಕಾಲುವೆ ನೀರಲ್ಲಿ ಎರಡು ಸಲ ಜಾಲಿಸಿದರೆ ಅದೂ ಇಲ್ಲ.

79. ಖುಷಿಗೆ ಇನ್ನೊಂದು ಸಲ ಓಡಿದೆ. ಹೊಳೆಮ್ಮ ಚಪ್ಪಾಳೆ ತಟ್ಟಿದಳು.

11 ಏಪ್ರಿಲ್

ಒಂದೇ ಕಷ್ಟ. ಎರಡು ಪದರ ಕಾಟನ್ನು, ಬಿಸಿಲು ಕಾಣದೆ ಒಣಗುವುದಿಲ್ಲ. ಸದ್ಯಕ್ಕೆ ಉಪಾಯ — ಹೊಳೆಮ್ಮನೇ ಗುಡಿಸಲ ಮೇಲೆ ಒಣಹಾಕಿ, ಮಡಚಿ ಇಟ್ಟಿರುತ್ತಾಳೆ. ನಾನು ಪತ್ರೆ ಬುಟ್ಟಿ ಹಿಡಿದು ಒಳ್ಳೆಯ ಸೊಸೆಯಾಗಿ ವಾಪಸು. ಮಾವ ಬುಟ್ಟಿ ಇಸಿದುಕೊಂಡು ದಿನಾ "ಛಲೋ ಪತ್ರಿ ತಂದಿ ನೋಡವ್ವ" ಎನ್ನುತ್ತಾರೆ. ಅಷ್ಟೊಂದು ಮೆತ್ತಗೆ ಮಾತಾಡುವ ಮನುಷ್ಯ. ಹಂಪಯ್ಯನವರು ಎಂದರೆ ಪೇಟೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಸುಳ್ಳು ಹೇಳಲು ಬೇಜಾರಾಗುವುದು ಇವರೊಬ್ಬರಿಗೇ.

77.

21 ಏಪ್ರಿಲ್

ಕಾಲುವೆ ಬಂದ್. ನಿನ್ನೆ ನೀರು ನಿಲ್ಲಿಸಿದರು, ಇನ್ನು ಮಳೆಗಾಲಕ್ಕೇ. ಇವತ್ತು ತಳದ ಕೆಸರು, ಕೊಕ್ಕರೆ. ತೂಬಿಗೆ ಕೆಲಸವಿಲ್ಲ. ಹೊಳೆಮ್ಮ, ಅವಳ ಗಂಡ ಇಬ್ಬರೂ ತಮ್ಮೂರು ಚೋರನೂರಿಗೆ ಹೊರಟರು. ನನ್ನ ಜಾಕೀಟು ಕೈಗೆ ಕೊಟ್ಟಳು. "ಓಡೂದು ಬಿಡಬ್ಯಾಡ್ರಿ ಮತ್ತ," ಎಂದಳು.

ಒಗೆಯಲು ನೀರಿಲ್ಲ, ಒಣಹಾಕಲು ಜಾಗವಿಲ್ಲ. ಮೇ 14ಕ್ಕೆ ಇಪ್ಪತ್ಮೂರು ದಿನ.

24 ಏಪ್ರಿಲ್

ಒಗೆಯದೆ ಮೂರು ದಿನ ಹಾಕಿದೆ. ಮಲ್ಮಲ್‌ಗೂ ಒಂದು ಮಿತಿ ಇದೆ.

ಸ್ನಾನದ ಹೊತ್ತಿಗೆ ಬಚ್ಚಲಲ್ಲೇ ಒಗೆದುಬಿಡಬಹುದು, ಮನೆಯಲ್ಲಿ ಎಲ್ಲಿ ಒಣಹಾಕಲಿ? ಹಿತ್ತಲ ತಂತಿ ಅತ್ತೆಯ ಕಣ್ಣೆದುರು. ಬಚ್ಚಲ ಹಿಂದಿನ ಮೊಳೆಗೆ ಬಿಸಿಲಿಲ್ಲ. ಮಹಡಿಗೆ ಪಕ್ಕದ ಮನೆಯವರ ಕಿಟಕಿ. ಯಾರೂ ಮುಟ್ಟದ, ಯಾರೂ ಬಿಚ್ಚಿ ನೋಡದ ಒಂದೇ ಜಾಗ ಈ ಮನೆಯಲ್ಲಿ — ಪಡಸಾಲೆಯ ಮೇಲಿನ ಮಡಿ ಗಳ. ಮಾವನ ಪೂಜೆಯ ಪಂಚೆ, ವಸ್ತ್ರ ಮಾತ್ರ ಅಲ್ಲಿ ಒಣಗುವುದು. ಸ್ನಾನ ಮಾಡದೆ ಅತ್ತೆ ಕೂಡ ಮುಟ್ಟುವುದಿಲ್ಲ. ಕೋಲಿನಿಂದ ಎತ್ತಿ ಹರವುವ ಕೆಲಸ ದಿನಾ ಸ್ನಾನವಾದ ಮೇಲೆ ನನ್ನದೇ. ಬೆಳಕಿಂಡಿಯ ಬಿಸಿಲು ಸೀದಾ ಅದರ ಮೇಲೆ. ನನ್ನ ಜಾಕೀಟೂ ಅದೇ ಪಂಚೆಯ ತುಂಡು. ಮಡಚಿ, ಪಂಚೆಯ ಮಡಿಕೆಯೊಳಗೆ ಹಾಕಿ ಹರವಿದರೆ ಯಾವ ಮಗನಿಗೂ ಗೊತ್ತಾಗುವುದಿಲ್ಲ. ಸಂಜೆ ಎಲ್ಲರಿಗಿಂತ ಮೊದಲು ತೆಗೆದುಕೊಂಡರಾಯಿತು.

ತಪ್ಪು ಅಂತ ಗೊತ್ತು. ಒಗೆದ ಬಟ್ಟೆ ಒಗೆದ ಬಟ್ಟೆಯೇ ಅಲ್ಲವೇ?

30 ಏಪ್ರಿಲ್

ಆರು ದಿನ. ಯಾರಿಗೂ ಗೊತ್ತಾಗಿಲ್ಲ. ಇವತ್ತು 75. ದುರ್ಗಕ್ಕ ಹಾಲ್ ಟಿಕೆಟು ತೋರಿಸಿದಳು. ನನ್ನ ಹೆಸರು ಟೈಪ್ ಮಾಡಿದ್ದಾರೆ.

4 ಮೇ, ಸೋಮವಾರ

ಆಗಬಾರದ್ದು ಆಯಿತು. ಬರೆಯಲಾರೆ.

6 ಮೇ

ಭಾನುವಾರ ಸಂಜೆ ಸಂಡೂರಿನಿಂದ ನೆಂಟರು ಬಂದಿದ್ದರು. ಅಡುಗೆ ಗಡಿಬಿಡಿಯಲ್ಲಿ ಗಳದಿಂದ ತೆಗೆಯಲು ಮರೆತೆ. ಮರೆತೆ — ಅಷ್ಟೇ. ಇಪ್ಪತ್ತು ಜನರಿಗೆ ರೊಟ್ಟಿ ಬಡಿದವಳು ಮರೆಯುತ್ತಾಳೆ.

ಸೋಮವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ ಪಂಚೆ ಎಳೆದುಕೊಂಡರು. ಜೊತೆಗೆ ಬಿದ್ದ ಮಲ್ಮಲ್ ತುಂಡನ್ನು ಲಿಂಗದ ವಸ್ತ್ರ ಎಂದುಕೊಂಡರು. ಕಣ್ಣಿಗೆ ಪೊರೆ ಬಂದಿದೆ ಅವರಿಗೆ. ಅಭಿಷೇಕ ಮಾಡಿ, ಅಂಗೈಯಲ್ಲಿನ ಲಿಂಗವನ್ನು ಅದರಿಂದಲೇ ಒರೆಸಿದರು. ಆಮೇಲೆ ಹೊಲಿಗೆ ಬೆರಳಿಗೆ ಸಿಕ್ಕಿದೆ. ಬಿಡಿಸಿ ನೋಡಿದ್ದಾರೆ. ಕಂಕುಳು, ಕುತ್ತಿಗೆ.

ಪೂಜೆ ಕೋಣೆಯಿಂದ ಕರೆದರು. ಜಾಕೀಟು ಅವರ ತೊಡೆಯ ಮೇಲೆ ಹರವಿತ್ತು.

"ಇದು ಯಾರ್ದವ್ವ?"

"ನಂದು ಮಾವ."

"ಯಾತಕ್ಕ?"

"ಓಡಾಕ."

ಅವರಿಗೆ ಅರ್ಥವಾಗಲಿಲ್ಲ. "ಎಲ್ಲಿಗವ್ವ?" ಎಂದರು.

ಎಲ್ಲ ಹೇಳಿಬಿಟ್ಟೆ. ಕಾಲುವೆ, ಬಳ್ಳಾರಿ, ಹಾಸ್ಟೆಲು, ಎಲ್ಲ. ಬಾಗಿಲಲ್ಲಿ ಅತ್ತೆ, ಅವರ ಹಿಂದೆ ನಮ್ಮವರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ, ನಾಲಿಗೆ ತಯಾರಿತ್ತು.

"ನಿನ್ನ ತಪ್ಪಲ್ಲವ್ವ," ಎಂದರು. "ಕಣ್ಣು ನಂದು ಹೋಗ್ಯಾವ. ನೋಡಿ ತಗೋಬೇಕಿತ್ತು." ಆಮೇಲೆ ಅತ್ತೆ ಕಡೆ ತಿರುಗಿ, "ಇನ್ನ ನನಗ ಮನಿ ಅನ್ನ ಬ್ಯಾಡ. ಹಾಲು, ಹಣ್ಣು ಸಾಕು."

"ಎಷ್ಟ ದಿನಾರಿ?"

"ಮನಸು ತಿಳಿ ಆಗೋತನ."

7 ಮೇ

ಅತ್ತೆ ವಾಕಿಂಗ್ ನಿಲ್ಲಿಸಿದ್ದಾರೆ. "ಕಾಲು ನೋಯ್ತಾವ." ಅತ್ತೆ ಹೊರಗೆ ಹೋಗದಿದ್ದರೆ ನಾನೆಲ್ಲಿ ಹೋಗಲಿ? ಪತ್ರೆಯನ್ನು ಗುಡಿಯ ಪೂಜಾರಿ ಮನೆಯಿಂದ ತರಿಸುತ್ತಾರೆ. ಯಾರೂ ನನಗೆ ಬೇಡ ಎಂದಿಲ್ಲ. ಬಾಗಿಲಿಗೆ ಚಿಲಕ ಹಾಕಿಲ್ಲ.

ಜಾಕೀಟನ್ನು ಅತ್ತೆ ಅಡುಗೆಮನೆಗೆ ತಂದು ಹಾಕಿದ್ದಾರೆ. ಈಗ ಅದು ಮಸಿಬಟ್ಟೆ. ದಿನಾ ಅದರಲ್ಲೇ ಬಿಸಿ ಪಾತ್ರೆ ಇಳಿಸುತ್ತೇನೆ.

ಮೂರು ದಿನ ಮಾವ ಎರಡು ಬಾಳೆಹಣ್ಣು, ಒಂದು ಲೋಟ ಹಾಲಿನ ಮೇಲಿದ್ದಾರೆ. ಅರವತ್ತೆಂಟು ವರ್ಷ.

9 ಮೇ

ನಮ್ಮವರು ಅಂಗಡಿಯಿಂದ ಮಧ್ಯಾಹ್ನವೇ ಬಂದರು.

"ಒಂದು ಮಾತು ಹೇಳಿಬಿಡು ಅಪ್ಪಗ. ಓಡಂಗಿಲ್ಲ ಅಂತ. ಉಣ್ತಾರ."

"ನಾನು ಹಂಗ ಹೇಳಬೇಕು ಅಂತ ಅವರು ಅಂದಾರೇನ್ರಿ?"

"ಅಂದಿಲ್ಲ. ಅವರು ಬಾಯಿಬಿಟ್ಟು ಹೇಳೋರಲ್ಲ."

"ನಿಮಗೇನನಸ್ತದ?"

"ಅವ್ವನ್ನ..." ಎಂದು ಶುರು ಮಾಡಿ ನಿಲ್ಲಿಸಿದರು. ಗೋಡೆಗೆ ತಲೆ ಚಚ್ಚಬೇಕೆನಿಸಿತು, ನನ್ನದೋ ಅವರದೋ.

ಯಾಕೆ ಹೇಳಬೇಕು ನಾನು? ಇನ್ನು ಐದು ದಿನ. ನನ್ನ ಮೇಲೆ ಕೂಗಾಡಲಿ, ಕೋಣೆಯಲ್ಲಿ ಕೂಡಿ ಹಾಕಲಿ — ಕಿಟಕಿ ಹಾರಿ ಹೋಗುತ್ತೇನೆ. ಮುದುಕ ಮನುಷ್ಯ ಹಸಿದು ಕೂತರೆ ಯಾವ ಕಿಟಕಿ ಹಾರಲಿ?

12 ಮೇ

ಪೂಜೆ ಕೋಣೆಯ ಹೊಸ್ತಿಲಲ್ಲಿ ಮಾವನಿಗೆ ತಲೆ ತಿರುಗಿತು. ನಾನೇ ಹಿಡಿದುಕೊಂಡೆ. ಮೈ ಎಷ್ಟು ಹಗುರ! "ಏನಿಲ್ಲವ್ವ, ಸೆಖಿಗೆ," ಎಂದರು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ನೋಡಿದ್ದು ಅವರನ್ನಲ್ಲ, ನನ್ನನ್ನು.

ಅತ್ತೆ ಅಳುತ್ತ ಒಲೆ ಮುಂದೆ ಕೂತರು. "ನಲವತ್ತೈದು ವರ್ಷ ಆತು ಬಂದು. ಈ ಮನಿಯಾಗ ಅವರು ಉಣ್ಣದ ದಿನ ನಾ ಉಂಡಿಲ್ಲ." ಹಾಗಾದರೆ ಅವರೂ ಎಂಟು ದಿನದಿಂದ... ಸಕ್ಕರೆ ಕಾಯಿಲೆಯವರು. ನಾನು ಗಮನಿಸಿಯೇ ಇಲ್ಲ. ದಿನಾ ಎರಡು ಹೊತ್ತು ಹೊಟ್ಟೆ ತುಂಬ ತಿಂದಿದ್ದೇನೆ. ಓಡುವವಳಿಗೆ ಬಲ ಬೇಕೆಂದು.

13 ಮೇ

ಹೇಳಿದೆ.

ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದವರ ಕಾಲು ಮುಟ್ಟಿದೆ. "ಓಡಂಗಿಲ್ಲ ಮಾವ. ಬಳ್ಳಾರಿಗೆ ಹೋಗಂಗಿಲ್ಲ. ಉಣ್ಣಬರ್ರಿ." ಮಾತು ಬಾಯಿಂದ ಬಿದ್ದದ್ದು ಕೇಳಿಸಿತು, ಹೇಳಿದವಳು ನಾನೇ ಎನ್ನಿಸಲಿಲ್ಲ. ಅವರು ತಲೆಯ ಮೇಲೆ ಕೈಯಿಟ್ಟರು. ಕೈಯಲ್ಲಿ ವಿಭೂತಿ ಇತ್ತು. ಮಣೆಯ ಮೇಲೆ ಕೂತು, "ನೀನ ನೀಡವ್ವ," ಎಂದರು.

ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ನಿಧಾನ ತಿಂದರು. ಮೂರನೇ ರೊಟ್ಟಿ ಕೇಳಿದರು. ಆಗ ಅತ್ತೆಯೂ ಕೂತರು. ಇಬ್ಬರೂ ತಿನ್ನುವುದನ್ನು ನೋಡುತ್ತ ನಿಂತೆ. ಸಮಾಧಾನವಾಯಿತು, ಸುಳ್ಳಲ್ಲ. ಅಳುವೂ ಬಂತು, ಮಸಿಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ.

"ದಿನಾ ನೀನ ನೀಡಬೇಕು ನೋಡು ಇನ್ನ," ಎಂದರು ಕೈ ತೊಳೆಯುತ್ತ. "ನಿನ್ನ ಕೈಲೆ ಉಂಡ್ರ ಮನಸು ತಿಳಿ ಆಗತೈತಿ."

ಸಂಜೆ. ನಮ್ಮವರು ಕಾಗದದಲ್ಲಿ ಸುತ್ತಿ ತಂದರು. ಏಜೆಂಟ್ ಮುಂಬಯಿಯಿಂದ ತರಿಸಿದ್ದಂತೆ, ಏನೋ ಹೊಸ ಮಿಕ್ಸು, ಕಾಟನ್ನಿನ ಮೇಲೆ ಏನೋ ಸೇರಿಸಿದ್ದಾರೆ. ನನ್ನ ಹಳೆ ಜಾಕೀಟಿನ ಅಳತೆ ಕೊಟ್ಟು ಟೈಲರ್‌ನಿಂದ ತಾವೇ ಹೊಲಿಸಿದ್ದಾರೆ. ತೋಳು ಮೊಳಕೈವರೆಗೆ, ಜೊತೆಗೆ ಅದೇ ಬಟ್ಟೆಯ ಲಂಗವೂ ಇದೆ.

"ಬೆವರು ಹೀರ್ತದ, ನಾತ ಹಿಡಿಯಂಗಿಲ್ಲ, ಅರ್ಧ ತಾಸಿನಾಗ ಒಣಗ್ತದ. ನೀ ಕೇಳಿದ್ದಿ ನೋಡು. ಇನ್ನ ಅಡಿಗಿಮನಿಯಾಗ ಮಸ್ತ್ ಇರ್ತದ ನಿನಗ."

ಎರಡು ತಿಂಗಳು ನೆನಪಿಟ್ಟುಕೊಂಡಿದ್ದರು. ಮುಟ್ಟಿ ನೋಡಿದೆ. ನಿಜಕ್ಕೂ ಒಳ್ಳೆಯ ಬಟ್ಟೆ. ಥ್ಯಾಂಕ್ಸ್ ಎಂದೆ. ಖುಷಿಯಿಂದ ಅಂಗಡಿಗೆ ಹೋದರು.

14 ಮೇ, ಗುರುವಾರ, ಬೆಳಿಗ್ಗೆ 7.10, ತೋರಣಗಲ್ಲು

ಬಸ್ಸು ನಿಂತಿದೆ. ಡ್ರೈವರ್ ಚಾ ಕುಡಿಯಲು ಇಳಿದಿದ್ದಾನೆ.

ಐದಕ್ಕೆ ಎದ್ದೆ. ಹೊಸ ಜಾಕೀಟಿನ ತೋಳು ಕತ್ತರಿಸಿ ಹಾಕಿಕೊಂಡೆ, ಬೇರೆ ಇರಲಿಲ್ಲ. ಮೇಲೆ ಸೀರೆ. ಪತ್ರೆ ಬುಟ್ಟಿ ಕೈಯಲ್ಲಿ ಹಿಡಿದು ಬಾಗಿಲು ದಾಟಿದೆ. ಮಾವ ಬಚ್ಚಲಲ್ಲಿದ್ದರು, ನೀರು ಹುಯ್ದುಕೊಳ್ಳುವ ಸದ್ದು. "ಯಾರದು?" ಎಂದರು. "ನಾನು ಮಾವ, ಪತ್ರಿ ತರ್ತೀನಿ," ಎಂದೆ. "ಜಲ್ದಿ ಬಾರವ್ವ," ಎಂದರು. ನಂಬಿದರು. ನಿನ್ನೆ ಮಾತು ಕೊಟ್ಟಿದ್ದೆನಲ್ಲ. ಬುಟ್ಟಿಯನ್ನು ಬಸ್‌ಸ್ಟ್ಯಾಂಡಿನ ಹೂವಿನವಳ ಹತ್ತಿರ ಬಿಟ್ಟಿದ್ದೇನೆ. ಅಲ್ಲಿ ದುರ್ಗಕ್ಕ ಹಾಲ್ ಟಿಕೆಟು ಹಿಡಿದು ಕಾಯುತ್ತಿದ್ದಳು, ಈಗ ನನ್ನ ಪಕ್ಕದಲ್ಲಿ ಕೂತಿದ್ದಾಳೆ.

ಹೊಸಪೇಟೆಗೆ ವಾಪಸು ಹೋಗುವ ಬಸ್ಸು ಪಕ್ಕದಲ್ಲೇ ಬಂದು ನಿಂತಿದೆ. ಜಾಗ ಖಾಲಿ ಇದೆ. ದುರ್ಗಕ್ಕ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಬರಿಯೋದ ಸಾಕು. ಈ ಹಣ್ಣು ತಿನ್ನು, ಖಾಲಿ ಹೊಟ್ಟೀಲೆ ಓಡಾಕ ಆಗಂಗಿಲ್ಲ." ಬಾಳೆಹಣ್ಣು. ಸುಲಿದು ಮಡಿಲಲ್ಲಿಟ್ಟುಕೊಂಡಿದ್ದೇನೆ.

ಇಳಿಯುವುದಿಲ್ಲ ನಾನು. ಓಡುತ್ತೇನೆ, ಇವತ್ತು 75ರೊಳಗೆ ಬಂದೇ ಬರುತ್ತೇನೆ.

ಆ ಬಸ್ಸು ಹೋಯಿತು. ನಮ್ಮದೂ ಹೊರಟಿತು, ಅಕ್ಷರ ಕುಣಿಯುತ್ತಿದೆ. ಈ ಹೊತ್ತಿಗೆ ಪೂಜೆ ಮುಗಿದಿರುತ್ತದೆ. ಮಣೆ ಹಾಕಿರುತ್ತಾರೆ. ಅತ್ತೆ ರೊಟ್ಟಿ ತಂದರೆ ಕೈ ಅಡ್ಡ ಹಿಡಿದು, ಕೊಟ್ರಮ್ಮ ಬರಲಿ ಎನ್ನುತ್ತಾರೆ. ಒಂದು ಸಲ ಕರೆಯುತ್ತಾರೆ. ಎರಡನೇ ಸಲ ಕರೆಯುವವರಲ್ಲ. ಕೈ ತೊಳೆದುಕೊಂಡು, ತಟ್ಟೆ ಮುಂದೆ, ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ.